ಯಾರ ಕಡೆಯಿಂದ ಬಂತು?

— ಸರ್, ಮೆಂಡಲನ ಬಟಾಣಿಯನ್ನ ನಮಗೆ ವಾರಗಟ್ಟಲೆ ಪಾಠ ಮಾಡಿದ್ರಿ. ದುಂಡು ಪ್ರಬಲ, ಸುಕ್ಕು ದುರ್ಬಲ, ಎರಡನೇ ಪೀಳಿಗೆಯಲ್ಲಿ ಮೂರಕ್ಕೊಂದು. ಆದರೆ ಸುಕ್ಕು ಬಟಾಣಿ ಸುಕ್ಕಾಗೋದು ಯಾಕೆ ಅಂತ ಒಂದು ಸಲವೂ ಹೇಳಲಿಲ್ಲ.

— ಪರೀಕ್ಷೆಗೆ ಬರದ ಪ್ರಶ್ನೆ. ನೀನು ಕೇಳಿದ್ದರೂ ಗದರಿಸಿ ಕೂರಿಸಿಬಿಡ್ತಿದ್ದೆ. ಈಗ ಹೇಳು, ಯಾಕೆ?

— ಕಾಳಿನೊಳಗೆ ಸಕ್ಕರೆ ಪಿಷ್ಟವಾಗಬೇಕು. ಪಿಷ್ಟದ ಸರಪಳಿಗೆ ಕವಲು ಮೂಡಿಸೋ ಕಿಣ್ವ ಒಂದಿದೆ. ಸುಕ್ಕು ಬಟಾಣಿಯಲ್ಲಿ ಅದು ಕೆಟ್ಟಿರುತ್ತೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿದುಬಿಡುತ್ತೆ. ಹಸಿ ಕಾಳು ನೀರು ಎಳೆದುಕೊಂಡು ಉಬ್ಬುತ್ತೆ, ಒಣಗಿದಾಗ ಸಿಪ್ಪೆ ಸಡಿಲಾಗಿ ಮುದುಡುತ್ತೆ. 1990ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಆ ಕಿಣ್ವದ ಜೀನನ್ನ ಬಿಚ್ಚಿ ಓದಿದರು. ನಡುವೆ ಸುಮಾರು 800 ಅಕ್ಷರಗಳ ಬೇರೆ ತುಂಡೊಂದು ಬಂದು ಕೂತಿತ್ತು. ಬಾರ್ಬರಾ ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡ ಜಿಗಿಯುವ ತುಂಡುಗಳದ್ದೇ ಜಾತಿ.

— ಅಂದರೆ ನಾನು ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದದ್ದು ಜಿಗಿಯುವ ಜೀನಿನ ಕಥೆಯನ್ನೇ ಅನ್ನು! ಆಯಮ್ಮನ ವಿಷಯ ಗೊತ್ತು. 1983ರಲ್ಲಿ ನೊಬೆಲ್ ಬಂದಾಗ 81 ವರ್ಷ. ಆದರೆ ಆಕೆ ಕಾಳು ನೋಡಿ ಅದನ್ನ ಹೇಗೆ ಕಂಡುಹಿಡಿದರು ಅನ್ನೋದು ನನಗೆ ಸರಿಯಾಗಿ ತಲೆಗೆ ಹತ್ತಲಿಲ್ಲ.

— ಕಾಳಿನ ಮೇಲಿನ ಚುಕ್ಕೆ ನೋಡಿ. ಬಣ್ಣದ ಜೀನಿನ ಒಳಗೆ ಒಂದು ತುಂಡು ಬಂದು ಕೂತರೆ ಕಾಳು ಬಿಳಿಚಿಕೊಳ್ಳುತ್ತೆ. ಕಾಳು ಬೆಳೀತಾ ಇರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಬೇರೆ ಕಡೆ ಹೋಯಿತು ಅನ್ನಿ, ಆ ಕೋಶದ ಸಂತಾನಕ್ಕೆಲ್ಲ ಬಣ್ಣ ವಾಪಸ್ ಬರುತ್ತೆ. ಬೇಗ ಎದ್ದರೆ ದೊಡ್ಡ ಮಚ್ಚೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ, 1940ರ ದಶಕದಲ್ಲಿ, ಡಿಎನ್‌ಎ ರಚನೆಯೇ ಗೊತ್ತಿಲ್ಲದ ಕಾಲದಲ್ಲಿ, ಆಕೆ ಚುಕ್ಕೆಗಳ ಗಾತ್ರದಿಂದ ಜಿಗಿತದ ಹೊತ್ತನ್ನ ಲೆಕ್ಕ ಹಾಕಿದರು. ಬಹಳ ಜನ ನಂಬಲಿಲ್ಲ. ನಂಬಿದವರೂ ಇದೇನೋ ಜೋಳದ ಚಾಳಿ ಅಂದುಕೊಂಡರು.

— ಮನುಷ್ಯರಲ್ಲೂ ಇದೆ ಅಂತ ಮೊನ್ನೆ ಎಲ್ಲೋ ಓದಿದೆ. ನಮ್ಮ ಡಿಎನ್‌ಎಯಲ್ಲಿ ಅರ್ಧಕ್ಕರ್ಧ ಕಸ ಅಂತ ಬರೆದಿದ್ದರು.

— 2001ರಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾದಾಗ ಶೇಕಡಾ 45ರಷ್ಟು ಇಂಥ ತುಂಡುಗಳ ಸಂತತಿ ಅಂತ ಗೊತ್ತಾಯಿತು. ಪ್ರೋಟೀನಿಗೆ ಸೂತ್ರ ಬರೆದಿರೋ ಭಾಗ ಶೇಕಡಾ 2ನ್ನೂ ಮುಟ್ಟಲ್ಲ. ಕಸ ಅನ್ನೋ ಮಾತು 1972ರಲ್ಲಿ ಸುಸುಮು ಓನೊ ಚಾಲ್ತಿಗೆ ತಂದದ್ದು. ನನಗೆ ಆ ಪದದ ಮೇಲೆ ಸಿಟ್ಟೇನಿಲ್ಲ. ಆದರೆ ಕಸ ಬಿದ್ದಲ್ಲೇ ಬಿದ್ದಿರುತ್ತೆ. ಇವು ತಮ್ಮ ಪ್ರತಿ ತಾವೇ ಮಾಡಿಕೊಳ್ತವೆ.

— ಹೇಗೆ?

— ಹಿಂದೆ ಬಸ್‌ ಸ್ಟ್ಯಾಂಡಲ್ಲಿ ಒಂದು ಕರಪತ್ರ ಕೈಗೆ ತುರುಕೋರಲ್ಲ ಸರ್? ದೇವಸ್ಥಾನದಲ್ಲಿ ಸರ್ಪ ಕಾಣಿಸಿಕೊಂಡು ಅರ್ಚಕರ ಹತ್ತಿರ ಮಾತಾಡಿತು, ಇದನ್ನ ಓದಿದವರು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಬೇಕು, ಹಂಚಿದವನಿಗೆ ಲಾಟರಿ ಹೊಡೆಯಿತು, ಹರಿದು ಹಾಕಿದವನ ಎತ್ತು ಸತ್ತಿತು ಅಂತ.

— ಗೊತ್ತು. ನಮ್ಮಮ್ಮ ಹೆದರಿ ನನ್ನ ಕೈಲಿ ಪೋಸ್ಟ್ ಕಾರ್ಡಿನಲ್ಲಿ ಬರೆಸಿದ್ದರು.

— ಆ ಕಾಗದದಲ್ಲಿ ಸುದ್ದಿ ಏನೂ ಇಲ್ಲ, ನನ್ನ ಪ್ರತಿ ಮಾಡಿ ಅನ್ನೋದೊಂದೇ. ನಮ್ಮೊಳಗಿನ ಎಲ್‌-1 ಅನ್ನೋ ತುಂಡು ಹಾಗೇ, ಜೊತೆಗೆ ಅಚ್ಚುಯಂತ್ರವನ್ನೂ ಹೊತ್ತು ತಿರುಗುತ್ತೆ. ಪೂರ್ತಿ ಇದ್ದರೆ 6000 ಅಕ್ಷರ. ಕೋಶ ಅದನ್ನ ಆರ್‌ಎನ್‌ಎ ಆಗಿ ನಕಲು ಮಾಡುತ್ತೆ, ಆ ಆರ್‌ಎನ್‌ಎಯಿಂದ ಎರಡು ಪ್ರೋಟೀನು ತಯಾರಾಗುತ್ತೆ, ಅವು ತಮ್ಮನ್ನ ಹೆತ್ತ ಆರ್‌ಎನ್‌ಎಯನ್ನೇ ಹಿಡಿದುಕೊಂಡು ಕೋಶಕೇಂದ್ರಕ್ಕೆ ವಾಪಸ್ ಹೋಗ್ತವೆ. ಅಲ್ಲಿ ಟಿ ಅಕ್ಷರ ನಾಲ್ಕು, ಎ ಅಕ್ಷರ ಎರಡು ಸಾಲಾಗಿರೋ ಜಾಗ ಹುಡುಕಿ ಡಿಎನ್‌ಎಯ ಒಂದು ಎಳೆಗೆ ಕತ್ತರಿ ಹಾಕ್ತವೆ. ಆರ್‌ಎನ್‌ಎಯ ಬಾಲದಲ್ಲಿ ಬರೀ ಎ ಅಕ್ಷರಗಳು. ಬಾಲದ ಎ ಮತ್ತು ಕತ್ತರಿಸಿದ ತುದಿಯ ಟಿ ಜೋಡಿಯಾಗಿ ಅಂಟಿಕೊಳ್ಳುತ್ತೆ. ಅಲ್ಲಿಂದ ಹಿಂದುಹಿಂದಕ್ಕೆ ಡಿಎನ್‌ಎ ನೇಯೋಕೆ ಶುರು.

— ಬಾಲದಿಂದ ತಲೆಗೆ.

— ಹೌದು, ಬಹಳಷ್ಟು ಸಲ ತಲೆ ತಲುಪೋ ಮೊದಲೇ ಕೆಲಸ ನಿಂತುಹೋಗುತ್ತೆ. ಅದಕ್ಕೇ ನಮ್ಮಲ್ಲಿ ಎಲ್‌-1 ಪ್ರತಿಗಳು 5 ಲಕ್ಷ ಇದ್ದರೂ ಹೆಚ್ಚಿನವು ರುಂಡವಿಲ್ಲದ ಮುಂಡಗಳು. ಇನ್ನೂ ಜಿಗಿಯೋ ತಾಕತ್ತು ಇರೋದು ಒಬ್ಬ ಮನುಷ್ಯನಲ್ಲಿ 80ರಿಂದ 100ಕ್ಕೆ ಮಾತ್ರ. ಆಲು ಅಂತ ಇನ್ನೊಂದಿದೆ, 300 ಅಕ್ಷರ. ಅದಕ್ಕೆ ಸ್ವಂತ ಯಂತ್ರ ಇಲ್ಲ. ಎಲ್‌-1ರ ಯಂತ್ರದಲ್ಲಿ ತನ್ನ ಕರಪತ್ರ ತುರುಕಿ ಅಚ್ಚು ಹಾಕಿಸಿಕೊಳ್ಳುತ್ತೆ. ಹಾಗೇ 10 ಲಕ್ಷ ದಾಟಿದೆ.

— ಪರಾನ್ನಭೋಜಿಯ ಮನೆಯಲ್ಲಿ ಇನ್ನೊಬ್ಬ ಪರಾನ್ನಭೋಜಿ. ಇರಲಿ. ಆದರೆ ನನಗೊಂದು ಅನುಮಾನ. ಸೃಷ್ಟಿಯಲ್ಲಿ ಉಪಯೋಗವಿಲ್ಲದ್ದು ಇಷ್ಟೊಂದು ಉಳಿಯುತ್ತಾ? ಏನೋ ಒಂದು ಉದ್ದೇಶ ಇರಲೇಬೇಕು.

— ಇಲ್ಲೇ ಸರ್ ನಾನು ನಿಮ್ಮ ಜೊತೆ ಜಗಳ ಆಡೋದು. 1980ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಡೂಲಿಟಲ್ ಮತ್ತು ಸಪಿಯೆಂಜಾ ಅವರದ್ದು, ಇನ್ನೊಂದು ಆರ್ಗೆಲ್ ಮತ್ತು ಕ್ರಿಕ್ ಅವರದ್ದು. ಸ್ಥೂಲವಾಗಿ ಎರಡರ ವಾದವೂ ಒಂದೇ: ಪ್ರತಿ ಮಾಡಿಕೊಳ್ಳೋ ಶಕ್ತಿ ಇದ್ದರೆ ಸಾಕು, ಆತಿಥೇಯನಿಗೆ ಉಪಕಾರ ಮಾಡದೆಯೂ ಉಳಿಯಬಹುದು. ನನಗೆ ಈಗಲೂ ಅದೇ ಸರಿ ಅನ್ನಿಸುತ್ತೆ. ಆಮೇಲೆ ಕೆಲವು ತುಂಡುಗಳು ನಮ್ಮ ಕೆಲಸಕ್ಕೆ ಬಂದವು, ಅದನ್ನ ಅಲ್ಲಗಳೆಯಲ್ಲ. ಮಾಸು ಕಟ್ಟುವಾಗ ಕೋಶಗಳನ್ನ ಒಂದಕ್ಕೊಂದು ಬೆಸೆಯೋ ಸಿನ್‌ಸೈಟಿನ್ ಅನ್ನೋ ಪ್ರೋಟೀನು ಹಳೆಯ ವೈರಸ್ ಒಂದರ ಹೊದಿಕೆಯ ಜೀನಿನಿಂದ ಬಂದದ್ದು. ನಮಗೆ ಬಾಲ ಇಲ್ಲ ನೋಡಿ, ಅದರ ಹಿಂದೆಯೂ ಒಂದು ಆಲು ಇದೆ ಅಂತ 2024ರಲ್ಲಿ ಬೋ ಶಿಯಾ ಮತ್ತು ಜೊತೆಗಾರರು ತೋರಿಸಿದರು. ಸುಮಾರು 2.5 ಕೋಟಿ ವರ್ಷದ ಹಿಂದೆ, ಬಾಲದ ಬೆಳವಣಿಗೆಗೆ ಬೇಕಾದ ಜೀನಿನೊಳಗೆ ಅದು ಬಂದು ಕೂತಿತು.

— ನೋಡಿದೆಯಾ, ಉಪಯೋಗ!

— ಅದೇ ಪರಿಣಾಮ ಬರೋ ಹಾಗೆ ಇಲಿಯ ಜೀನನ್ನ ಮಾರ್ಪಡಿಸಿದಾಗ ಬಾಲ ಮೊಟಕಾಯಿತು, ಕೆಲವೊಂದು ಇಲಿಮರಿಗಳಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲೂ ಇಲ್ಲ. ಉಪಯೋಗ ಅಂತ ಬರೆಯೋ ಖಾತೆಯಲ್ಲೇ ರೋಗ ಅಂತಲೂ ಬರೆಯಬೇಕಾಗುತ್ತೆ. ಆಲುಗೆ ನಮ್ಮ ಬಾಲ ತೆಗೆಯೋ ಯೋಚನೆ ಇರಲಿಲ್ಲ. ಬಿದ್ದ ಜಾಗ ಅದು, ಅಷ್ಟೇ.

— ಸರಿ, ಉದ್ದೇಶ ಬಿಟ್ಟೆ. ನನಗೆ ಬೇಕಾದದ್ದು ಬೇರೆ. ನಮ್ಮ ಬೀದಿಯಲ್ಲಿ ಒಂದು ಮನೆ ಇದೆ. ಮಗುವಿಗೆ ಮೂರು ವರ್ಷ, ಕಲಿತ ನಡಿಗೆ ಮರೀತಾ ಇದೆ. ದೊಡ್ಡ ಆಸ್ಪತ್ರೆಯಲ್ಲಿ ಜೀನ್ ಟೆಸ್ಟ್ ಮಾಡಿಸಿದರು, ಏನೂ ಸಿಗಲಿಲ್ಲ ಅಂತ ರಿಪೋರ್ಟ್. ಆದರೂ ಆ ಮನೆಯ ಅಜ್ಜಿ ದಿನಾ ಕೇಳೋದು ಒಂದೇ ಪ್ರಶ್ನೆ, ಇದು ಯಾರ ಕಡೆಯಿಂದ ಬಂತು? ಕೇಳಿ ತಾನೇ ಉತ್ತರವನ್ನೂ ಹೇಳ್ತಾರೆ, ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ.

— ಆ ಪ್ರಶ್ನೆಗೆ ಈ ತುಂಡುಗಳ ಇತಿಹಾಸದಲ್ಲೇ ಒಳ್ಳೆ ಉತ್ತರ ಇದೆ ಸರ್. ಕುಸುಮರೋಗ, ಹಿಮೋಫೀಲಿಯಾ, ನೀವು ಎಕ್ಸ್ ವರ್ಣತಂತುವಿನ ಪಾಠದಲ್ಲಿ ಹೇಗೆ ಹೇಳ್ತಿದ್ರಿ?

— ತಾಯಿ ವಾಹಕಿ, ಮಗನಿಗೆ ರೋಗ. ವಿಕ್ಟೋರಿಯಾ ರಾಣಿಯ ವಂಶವೃಕ್ಷ ಬರೆದು ತೋರಿಸ್ತಿದ್ದೆ.

— ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಹೇಗ್ ಕಜಾಜಿಯನ್ ಅಂತ ಒಬ್ಬ ವೈದ್ಯವಿಜ್ಞಾನಿ ಇದ್ದರು. ಒಬ್ಬರಿಗೊಬ್ಬರು ಸಂಬಂಧ ಇಲ್ಲದ 240 ಹಿಮೋಫೀಲಿಯಾ ರೋಗಿಗಳಲ್ಲಿ, ರಕ್ತ ಹೆಪ್ಪುಗಟ್ಟಿಸೋ ಎಂಟನೇ ಫ್ಯಾಕ್ಟರ್‌ನ ಜೀನನ್ನ ಅವರ ತಂಡ ಪರೀಕ್ಷೆ ಮಾಡಿತು. ಇಬ್ಬರು ಹುಡುಗರಲ್ಲಿ ಜೀನಿನ 14ನೇ ಎಕ್ಸಾನ್, ಅಂದರೆ ಪ್ರೋಟೀನಿನ ಸೂತ್ರ ಇರೋ ಒಂದು ಭಾಗ, ಇರಬೇಕಾದ್ದಕ್ಕಿಂತ ಉದ್ದ ಇತ್ತು. ಒಬ್ಬನಲ್ಲಿ 3800 ಅಕ್ಷರ ಜಾಸ್ತಿ, ಇನ್ನೊಬ್ಬನಲ್ಲಿ 2300. ಓದಿದರೆ ಎಲ್‌-1. ತಲೆ ಇಲ್ಲ, ಬಾಲದ ಎ ಅಕ್ಷರಗಳು ಇವೆ. ಜೀನಿನ ಅವೇ ಹನ್ನೆರಡು ಹದಿಮೂರು ಅಕ್ಷರಗಳು ತುಂಡಿನ ಆ ಪಕ್ಕ ಒಮ್ಮೆ, ಈ ಪಕ್ಕ ಒಮ್ಮೆ ಇವೆ. ಕತ್ತರಿ ಬಿದ್ದ ಜಾಗ ತುಂಬಿಕೊಳ್ಳುವಾಗ ಉಳಿಯೋ ಗುರುತು ಅದು. ಮನುಷ್ಯನಲ್ಲಿ ಜಿಗಿತ ಇನ್ನೂ ನಡೀತಾ ಇದೆ ಅನ್ನೋದಕ್ಕೆ ಸಿಕ್ಕ ಮೊದಲ ಪುರಾವೆ. 1988.

— ತಾಯಂದಿರು?

— ಇಬ್ಬರ ತಾಯಂದಿರ ಡಿಎನ್‌ಎಯಲ್ಲೂ ಆ ಜಾಗ ಸರಿಯಾಗಿಯೇ ಇತ್ತು. ಅವರು ವಾಹಕಿಯರಲ್ಲ. ಜಿಗಿತ ಹೊಸದು, ಆ ಮಗುವಿನ ಜೊತೆಗೇ ಶುರುವಾದದ್ದು. ಮೂರು ವರ್ಷ ಬಿಟ್ಟು, ಒಬ್ಬ ಹುಡುಗನಲ್ಲಿ ಬಂದು ಬಿದ್ದ ತುಂಡಿನ ಮೂಲಪ್ರತಿಯೂ ಸಿಕ್ಕಿತು. 22ನೇ ವರ್ಣತಂತುವಿನಲ್ಲಿ, ಯಾರಿಗೂ ತೊಂದರೆ ಕೊಡದೆ, ಲಕ್ಷಾಂತರ ವರ್ಷಗಳಿಂದ ಕೂತಿತ್ತು.

— ಅಂದರೆ ಯಾರ ಕಡೆಯಿಂದಲೂ ಅಲ್ಲ.

— ಇಲ್ಲಿ ಹಾಗೆ. ಎಲ್ಲ ಕಡೆಯೂ ಹಾಗಲ್ಲ. ಜಪಾನಿನಲ್ಲಿ ಫುಕುಯಾಮಾ ಸ್ನಾಯುಕ್ಷಯ ಅಂತ ಇದೆ, ಮಕ್ಕಳಲ್ಲಿ ಸ್ನಾಯುವಿನ ಜೊತೆ ಮಿದುಳೂ ಸರಿಯಾಗಿ ಬೆಳೆಯಲ್ಲ. ಬಹುಪಾಲು ರೋಗಿಗಳಲ್ಲಿ ಕಾರಣ ಎಸ್‌ವಿಎ ಅನ್ನೋ ಜಾತಿಯ 3000 ಅಕ್ಷರದ ಒಂದೇ ಒಂದು ಜಿಗಿತ. ನೂರು ತಲೆಮಾರಿನ ಹಿಂದೆ ಯಾರೋ ಒಬ್ಬ ಪೂರ್ವಜನಲ್ಲಿ ನಡೆದದ್ದು. ಒಂದು ಪ್ರತಿ ಇದ್ದವರಿಗೆ ಏನೂ ಆಗಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ ರೋಗ.

— ಎರಡೂ ಕಡೆಯಿಂದ ಬಂದದ್ದು. ಅಕ್ಕನ ಮಗಳನ್ನೇ ತಂದುಕೊಳ್ಳೋ ನಮ್ಮ ಕಡೆ ಈ ಲೆಕ್ಕ ಇನ್ನೂ ಹತ್ತಿರದ್ದು. ಆ ಅಜ್ಜಿಗೆ ಇದನ್ನ ಹೇಳಬಹುದು, ನಿಮ್ಮ ವಂಶ ಅವರ ವಂಶ ಎರಡೂ ಒಂದೇ ಅಲ್ಲವಾ ತಾಯೀ ಅಂತ.

— ಹೇಳೋ ಮೊದಲು ಗೊತ್ತಾಗಬೇಕಲ್ಲ. ಮೂರನೇ ಬಗೆಯೂ ಇದೆ. ಫಿಲಿಪ್ಪೀನ್ಸ್‌ನ ಪನಾಯ್ ದ್ವೀಪದ ಗಂಡಸರಲ್ಲಿ ನಡುವಯಸ್ಸಿಗೆ ಮೈ ತಿರುಚೋ ಕಾಯಿಲೆ ಬರುತ್ತೆ, ಆಮೇಲೆ ಪಾರ್ಕಿನ್ಸನ್ ಥರದ ಬಿಗಿತ. ಅದೂ ಒಂದು ಎಸ್‌ವಿಎ, ಎಕ್ಸ್ ವರ್ಣತಂತುವಿನಲ್ಲಿ. ಅಲ್ಲಿ ಅದು ತಾಯಿಯ ಕಡೆಯಿಂದಲೇ ಬರುತ್ತೆ. ಆದರೂ ಅದನ್ನ ತಾಯಿಯ ತಪ್ಪು ಅನ್ನೋಕಾಗುತ್ತಾ? ಸೊಗಸು ಅಂದರೆ, ಆ ತುಂಡಿನ ಒಂದು ತುದಿಯಲ್ಲಿ ಆರು ಅಕ್ಷರದ ಒಂದು ಪದ ಮತ್ತೆ ಮತ್ತೆ ಬರುತ್ತೆ, ಕೆಲವರಲ್ಲಿ 35 ಸಲ, ಕೆಲವರಲ್ಲಿ 50. ಹೆಚ್ಚು ಸಲ ಇದ್ದಷ್ಟೂ ರೋಗ ಬೇಗ ಶುರು.

— ಸೊಗಸು ಅನ್ನಬೇಡಮ್ಮ.

— ಲ್ಯಾಬಿನಲ್ಲಿ ಕೂತು ಕೂತು ಬಾಯಿಗೆ ಬಂದುಬಿಡುತ್ತೆ ಸರ್.

— ಕ್ಯಾನ್ಸರಿಗೂ ಇದೇ ಕಾರಣ ಅಂತ ಓದಿದೆ.

— ಕ್ಯಾನ್ಸರಿನಲ್ಲಿ ಎಚ್ಚರದಿಂದ ಮಾತಾಡಬೇಕು. ಆರೋಗ್ಯವಾಗಿರೋ ಕೋಶ ಈ ತುಂಡುಗಳ ಮೇಲೆ ಮಿಥೈಲ್ ಗುಂಪು ಅಂಟಿಸಿ ಬಾಯಿ ಮುಚ್ಚಿಸಿರುತ್ತೆ. ಗಡ್ಡೆಯಲ್ಲಿ ಆ ಅಂಟು ಬಿಟ್ಟುಹೋಗುತ್ತೆ, ತುಂಡುಗಳು ಏಳ್ತವೆ. 2020ರಲ್ಲಿ 38 ಬಗೆಯ ಸುಮಾರು 3000 ಗಡ್ಡೆಗಳ ಜೀನೋಮು ಓದಿದಾಗ ಶೇಕಡಾ 35ರಲ್ಲಿ ಹೊಸ ಜಿಗಿತ ಸಿಕ್ಕಿತು. ಅನ್ನನಾಳ, ಬಾಯಿ-ಗಂಟಲು, ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚು. ಬಹಳಷ್ಟು ಜಿಗಿತ ಗಡ್ಡೆಯ ಗದ್ದಲದ ಫಲ, ಕಾರಣ ಅಲ್ಲ. ಅಪರೂಪಕ್ಕೆ ಕಾರಣವೂ ಆಗುತ್ತೆ. ಕರುಳಿನ ಕೋಶ ಬೇಕಾಬಿಟ್ಟಿ ಬೆಳೆಯದಂತೆ ತಡೆಯೋ ಎಪಿಸಿ ಜೀನಿನೊಳಗೆ ಎಲ್‌-1 ಬಿದ್ದದ್ದು 1992ರಲ್ಲೇ ವರದಿಯಾಗಿದೆ. ಅದು ರೋಗಿಯ ಗಡ್ಡೆಯಲ್ಲಿ ಮಾತ್ರ ಇತ್ತು, ಮೈಯ ಉಳಿದ ಕಡೆ ಇರಲಿಲ್ಲ. ವಂಶದ ಪ್ರಶ್ನೆಯೇ ಏಳಲ್ಲ.

— ಒಟ್ಟು ಎಷ್ಟು ರೋಗ?

— 2016ರ ಒಂದು ಪಟ್ಟಿಯಲ್ಲಿ ರೋಗ ತಂದ ಜಿಗಿತಗಳು 120ರ ಮೇಲಿದ್ದವು. ಆಮೇಲೆ ಸೇರಿವೆ. ಜಿಗಿಯದೆಯೂ ಕೆಡಿಸೋದು ಇನ್ನೊಂದು ದಾರಿ. ಒಂದೇ ಜೀನಿನಲ್ಲಿ ಎರಡು ಆಲು ಹತ್ತಿರ ಹತ್ತಿರ ಇದ್ದರೆ, ಕೋಶ ಡಿಎನ್‌ಎ ಜೋಡಿಸುವಾಗ ಒಂದನ್ನ ಇನ್ನೊಂದು ಅಂದುಕೊಂಡು ನಡುವಿನದ್ದನ್ನ ಬಿಟ್ಟುಬಿಡುತ್ತೆ. ಕೆಟ್ಟರೆ ಎಳವೆಯಲ್ಲೇ ಕೊಲೆಸ್ಟರಾಲ್ ಏರಿಸೋ ಎಲ್‌ಡಿಎಲ್ ಗ್ರಾಹಕದ ಜೀನು, ಸ್ತನ ಕ್ಯಾನ್ಸರಿನ ಬಿಆರ್‌ಸಿಎ-1, ಎರಡರಲ್ಲೂ ಹೀಗಾಗುತ್ತೆ. ಆದರೆ 120 ಅನ್ನೋ ಲೆಕ್ಕದ ಮೇಲೆ ನನಗೆ ನಂಬಿಕೆ ಕಡಿಮೆ. ಹುಡುಕಿದರೆ ತಾನೇ ಸಿಗೋದು.

— ಅಂದರೆ ಹುಡುಕ್ತಾ ಇಲ್ಲವಾ? ಅಷ್ಟು ದುಡ್ಡು ತಗೊಂಡು?

— ಹುಡುಕೋ ಉಪಕರಣದ ತೊಂದರೆ ಸರ್. ಸಾಮಾನ್ಯವಾಗಿ ಮಾಡೋ ಎಕ್ಸೋಮ್ ಟೆಸ್ಟ್ ಪ್ರೋಟೀನು ಬರೆದಿರೋ ಆ ಶೇಕಡಾ ಒಂದೆರಡು ಭಾಗವನ್ನ ಮಾತ್ರ ಓದುತ್ತೆ. ಅದನ್ನೂ ಯಂತ್ರ 150 ಅಕ್ಷರದ ಚೂರುಗಳಾಗಿ ಓದುತ್ತೆ. ಚೂರನ್ನ ಕಂಪ್ಯೂಟರ್ ತಗೊಂಡು, ಇದು ಜೀನೋಮಿನಲ್ಲಿ ಎಲ್ಲಿಯದು ಅಂತ ಜಾಗ ಹುಡುಕುತ್ತೆ. ಚೂರು ಪೂರ್ತಿ ಆಲುವಿನೊಳಗಿನದೇ ಆದರೆ? 10 ಲಕ್ಷ ಜಾಗಗಳಿಗೆ ಹೊಂದುತ್ತೆ. ಎಲ್ಲಿಯದೂ ಗೊತ್ತಾಗಲಿಲ್ಲ ಅಂತ ಪಕ್ಕಕ್ಕಿಟ್ಟುಬಿಡುತ್ತೆ. ಅಂಚಿನಲ್ಲಿ ಬಿದ್ದ ಚೂರುಗಳು ಸುಳಿವು ಕೊಡ್ತವೆ: ಅರ್ಧ ಜೀನಿಗೆ ಹೊಂದಿ, ಉಳಿದರ್ಧ ಏನೋ ಬೇರೆ. ಪರದೆ ಮೇಲೆ ನೋಡಿದರೆ ಬೂದು ಗೆರೆಗಳೆಲ್ಲ ಒಂದೇ ಜಾಗದಲ್ಲಿ ತುಂಡಾಗಿ, ಅಲ್ಲಿಂದಾಚೆ ಬಣ್ಣಬಣ್ಣದ ಅಕ್ಷರ ಚೆಲ್ಲಿದ ಹಾಗಿರುತ್ತೆ. ಅವಸರದಲ್ಲಿರೋ ಕಣ್ಣಿಗೆ ಅದು ಯಂತ್ರದ ದೋಷದಂತೆ ಕಾಣುತ್ತೆ.

— ಯಾರಾದರೂ ಅವಸರ ಇಲ್ಲದವರು ನೋಡಿದ್ದಾರಾ?

— ಅಮೆರಿಕದ ಕೊಲೊರಾಡೊದ ಒಬ್ಬಳು ಪುಟ್ಟ ಹುಡುಗಿಯ ಪ್ರಕರಣ ಇದೆ. ಬ್ಯಾಟನ್ ಕಾಯಿಲೆ. ಕಣ್ಣು, ನಡಿಗೆ, ಮಾತು ಒಂದೊಂದಾಗಿ ಹೋಗುತ್ತೆ. ಅದಕ್ಕೆ ಒಂದು ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಟೆಸ್ಟಿನಲ್ಲಿ ಕೆಟ್ಟದ್ದು ಸಿಕ್ಕಿದ್ದು ಒಂದೇ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಟಿಮೊಥಿ ಯೂ ತಂಡ ಇಡೀ ಜೀನೋಮು ಓದಿ, ಆ ಜೀನಿನ ಚೂರುಗಳನ್ನ ಕಣ್ಣಲ್ಲೇ ಪರಿಶೀಲಿಸಿತು. ಜೀನಿನ ಇಂಟ್ರಾನ್ ಭಾಗದಲ್ಲಿ, ಎಕ್ಸೋಮ್ ಟೆಸ್ಟ್ ಇಣುಕದ ಜಾಗದಲ್ಲಿ, 2000 ಅಕ್ಷರದ ಎಸ್‌ವಿಎ. ಅದರ ದೆಸೆಯಿಂದ ಕೋಶ ಜೀನಿನ ಸಂದೇಶವನ್ನ ತಪ್ಪು ಜಾಗದಲ್ಲಿ ಹೊಲೀತಾ ಇತ್ತು. ಆ ತಪ್ಪು ಜಾಗಕ್ಕೆ ಅಡ್ಡ ಕೂರೋ ಹಾಗೆ 22 ಅಕ್ಷರದ ಒಂದು ಔಷಧ ಮಾಡಿದರು. ಆ ಒಬ್ಬಳಿಗಾಗಿ ಮಾತ್ರ. ದೋಷ ಪತ್ತೆಯಾದ ಸುಮಾರು ಒಂದು ವರ್ಷಕ್ಕೆ, 2018ರಲ್ಲಿ, ಬೆನ್ನುಹುರಿಯ ದ್ರವಕ್ಕೆ ಮೊದಲ ಇಂಜೆಕ್ಷನ್.

— ಗುಣ ಆಯಿತಾ?

— ಸೆಳವು ಬರೋದು ಕಡಿಮೆಯಾಯಿತು, ಬಂದರೂ ಬೇಗ ಬಿಡ್ತಿತ್ತು. ಅಷ್ಟು ಹೊತ್ತಿಗೆ ಮಿದುಳಿಗೆ ಆಗಿದ್ದ ಪೆಟ್ಟು ವಾಸಿಯಾಗಲಿಲ್ಲ. 2021ರಲ್ಲಿ ಮಗು ತೀರಿಕೊಂಡಿತು. ಫುಕುಯಾಮಾ ರೋಗದಲ್ಲೂ ಇಂಥದ್ದೇ ಉಪಾಯ ಕೋಶಗಳಲ್ಲಿ, ಇಲಿಗಳಲ್ಲಿ ಫಲ ಕೊಡುತ್ತೆ ಅಂತ ತತ್ಸುಶಿ ತೋಡಾ ತಂಡ 2011ರಲ್ಲೇ ತೋರಿಸಿತ್ತು.

— ಜಿಗಿಯೋದನ್ನೇ ತಡೆಯೋಕೆ ಔಷಧ ಇಲ್ಲವಾ?

— ಎಲ್‌-1ರ ಯಂತ್ರ, ಎಚ್‌ಐವಿಯ ಯಂತ್ರ ದೂರದ ನೆಂಟರು. ಎರಡೂ ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ನೇಯೋವು. ಹಾಗಾಗಿ ಎಚ್‌ಐವಿಯ ಕೆಲವು ಮಾತ್ರೆಗಳು ಎಲ್‌-1ನ್ನೂ ತಡೀತವೆ. ಐಕಾರ್ಡಿ-ಗುಟಿಯೇರ್ ಅನ್ನೋ ಕಾಯಿಲೆಯಲ್ಲಿ ಕೋಶದೊಳಗೆ ಅಲೆದಾಡೋ ಡಿಎನ್‌ಎ ಚೂರುಗಳನ್ನ ವೈರಸ್ ಅಂದುಕೊಂಡು ದೇಹ ತನ್ನ ಮೇಲೇ ಯುದ್ಧ ಹೂಡುತ್ತೆ. ಆ ಮಕ್ಕಳಿಗೆ ಇಂಥ ಮಾತ್ರೆ ಕೊಟ್ಟು ನೋಡಿದಾಗ ಯುದ್ಧದ ಸೂಚಕ ರಕ್ತದಲ್ಲಿ ಇಳಿಯಿತು. ಅದು ಸಣ್ಣ ಅಧ್ಯಯನ. ಆಗಲೇ ಒಮ್ಮೆ ಬಂದು ಕೂತ ತುಂಡನ್ನಂತೂ ಯಾವ ಮಾತ್ರೆಯೂ ಎಬ್ಬಿಸಲ್ಲ.

— ಹಾಗಾದರೆ ನಮ್ಮ ಬೀದಿಯ ಆ ಮನೆಯವರಿಗೆ ನಾನು ಏನು ಹೇಳಲಿ? ಔಷಧ ಹೆಚ್ಚುಕಡಿಮೆ ಇಲ್ಲ, ಮತ್ತೆ ದುಡ್ಡು ಸುರಿದು ಇನ್ನೊಂದು ಟೆಸ್ಟ್ ಮಾಡಿಸಿ ಅಂತಲೇ?

— ಮೊದಲು ದುಡ್ಡು ಬೇಡ. ಹಳೇ ಟೆಸ್ಟಿನ ಕಚ್ಚಾ ಡೇಟಾ ಲ್ಯಾಬಿನಿಂದ ಕೇಳಿ ತಗೊಳ್ಳೋಕೆ ಹೇಳಿ. ಬರೀ ರಿಪೋರ್ಟ್ ಕಾಗದ ಸಾಲದು. ಜಿಗಿತಗಳನ್ನೇ ಹುಡುಕೋ ಪ್ರೋಗ್ರಾಮುಗಳಿವೆ, ಅದೇ ಡೇಟಾ ಮೇಲೆ ಓಡಿಸಬಹುದು. ಅದರಲ್ಲೂ ಸಿಗದಿದ್ದರೆ ಇಡೀ ಜೀನೋಮು, ಆದರೆ ಹತ್ತಿಪ್ಪತ್ತು ಸಾವಿರ ಅಕ್ಷರ ಒಟ್ಟಿಗೆ ಓದೋ ಯಂತ್ರದಲ್ಲಿ. ಅಷ್ಟುದ್ದದ ಓದಿನಲ್ಲಿ ತುಂಡು, ತುಂಡಿನ ಎರಡೂ ಬದಿ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತೆ. ಏನೂ ಸಿಗದೆಯೂ ಇರಬಹುದು, ಅದನ್ನೂ ಮೊದಲೇ ಹೇಳಿಬಿಡಿ.

— ಸಿಕ್ಕರೆ ಏನು ಲಾಭ?

— ಆ ತಾಯಿ ಇನ್ನೊಂದು ಮಗು ಬೇಕು ಅಂತಿದ್ದಾರಾ?

— ಬೇಕು ಅಂತಾರೆ. ಹೆದರಿಕೆ.

— ಹೊಸ ಜಿಗಿತ ಆಗಿದ್ದರೆ ಮುಂದಿನ ಮಗುವಿಗೆ ಬರೋ ಸಂಭವ ತೀರಾ ಕಡಿಮೆ. ಸೊನ್ನೆ ಅನ್ನೋಕಾಗಲ್ಲ, ತಂದೆ ಅಥವಾ ತಾಯಿಯ ಕೆಲವು ಬೀಜಕೋಶಗಳಲ್ಲಿ ಅದು ಆಗಲೇ ಇದ್ದಿರಬಹುದು. ಹಳೆಯ ಜಿಗಿತ ಇಬ್ಬರಿಂದಲೂ ಬಂದಿದ್ದರೆ ಪ್ರತಿ ಬಸಿರಿಗೂ ನಾಲ್ಕಕ್ಕೊಂದು. ಆಗ ಬಸಿರಿನ ಆರಂಭದಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಈ ಎರಡರಲ್ಲಿ ಯಾವುದು ಅಂತ ತಿಳಿಯೋಕೆ ರಕ್ತ ಕೊಡಬೇಕು.

— ಯಾರ್ಯಾರು? ಆ ಅಜ್ಜಿ ನಮ್ಮದನ್ನೂ ತಗೊಳ್ಳಿ, ನಮ್ಮ ವಂಶ ಶುದ್ಧ ಅಂತ ಸಾಬೀತಾಗಲಿ ಅಂತಾರೆ.

— ಅಜ್ಜಿಯದು ಬೇಡ ಸರ್. ಅಪ್ಪ, ಅಮ್ಮ, ಮಗು, ಮೂವರದು ಸಾಕು.